ವಿಮಾನದ ಬಾಲದ ದೀಪ

ಶಿವಮೊಗ್ಗದ ಹೊರವಲಯದಲ್ಲಿ ನಾನು ವೈರಿಂಗ್ ಕಲಿಸುವ ತರಬೇತಿ ಕೇಂದ್ರದ ಶೆಡ್ಡಿನಲ್ಲಿ ಇಬ್ಬರು ಕೂರುವ ಹಳೆಯ ವಿಮಾನವೊಂದಿದೆ. ಅದು ಹಾರುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ವಿದ್ಯಾರ್ಥಿಗಳು ಬಿಚ್ಚಿ ಜೋಡಿಸಿ ಕಲಿಯಲೆಂದು ಇಟ್ಟುಕೊಂಡಿದ್ದೇವೆ. ಆದರೂ ಎಡರೆಕ್ಕೆಯ ತುದಿಯ ಕೆಂಪು ದೀಪ, ಬಲರೆಕ್ಕೆಯ ಹಸಿರು ದೀಪ, ಬಾಲದ ಬಿಳಿ ದೀಪ ಮೂರೂ ಹತ್ತುತ್ತವೆ. ಹತ್ತುವಂತೆ ಮಾಡಿದವರು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ನಾನು ಬೆಳೆದದ್ದು ಅವರ ಕ್ವಾರ್ಟರ್ಸಿನಲ್ಲೇ. ಮುಸ್ಸಂಜೆ ಹಜಾರದ ಸ್ವಿಚ್ಚು ಯಾರೇ ಒತ್ತಲಿ, ಮನೆಮಂದಿಯೆಲ್ಲ ಬಲ್ಬಿಗೆ ಕೈಮುಗಿಯಬೇಕು. ಪಕ್ಕದ ಮನೆಯ ತಮಿಳು ಅಜ್ಜಿ ಬಾಗಿಲಲ್ಲಿ ನಿಂತು ನಗುತ್ತಿತ್ತು: "ಏನ್ ಸಾಮಿ, ಕರೆಂಟಿಗೂ ಕುಂಬಿಡ್ತೀರಾ?"

"ಅದರ ಅನ್ನ ತಿನ್ನೋನು ನಾನು. ಕೈ ಮುಗೀದೆ ಇರ್ಲಾ?" ಎನ್ನುತ್ತಿದ್ದರು ದೊಡ್ಡಪ್ಪ.

ನಿವೃತ್ತರಾದ ಮೇಲೆ ಅವರು ನಮ್ಮ ಕೇಂದ್ರಕ್ಕೆ ಬಂದು ವಿಮಾನದ ತಂತಿಗಳನ್ನೆಲ್ಲ ಬದಲಿಸಿ, ಮೂರು ದೀಪಕ್ಕೂ ಒಂದೇ ಬಗೆಯ ಬಲ್ಬು ಕೂರಿಸಿಕೊಟ್ಟರು. ಆ ವರ್ಷದ ಆಯುಧಪೂಜೆಯಿಂದ ಒಂದು ಪದ್ಧತಿ ಬೆಳೆಯಿತು. ವಿಮಾನಕ್ಕೆ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ದೀಪ ಹತ್ತಿಸುವುದು. ಗಾಜು ಬೆಚ್ಚಗಾಗುವವರೆಗೆ ಕಾದು, ದೊಡ್ಡಪ್ಪ ಅದರ ಮೇಲೆ ಅಂಗೈ ಇಟ್ಟು ಕಣ್ಣಿಗೆ ಒತ್ತಿಕೊಳ್ಳುವುದು, ಮಂಗಳಾರತಿ ತೆಗೆದುಕೊಂಡ ಹಾಗೇ. ಅವರ ಹಿಂದೆ ಸಾಲಾಗಿ ನಾವೆಲ್ಲ. ಈಚೆಗೆ ಅವರ ಕಣ್ಣು ತೀರ ಮಂಜಾದ ಮೇಲಂತೂ ದೀಪ ಹತ್ತಿದೆಯೆಂದು ಅವರಿಗೆ ಹೇಳುತ್ತಿದ್ದದ್ದು ಆ ಬಿಸಿಯೇ.

ಹೋದ ವರ್ಷ ಎಡವಟ್ಟಾಯಿತು. ಬಲ್ಬುಗಳು ಮುದಿ ಬ್ಯಾಟರಿಯನ್ನು ಹೀರಿಬಿಟ್ಟವು. ದೊಡ್ಡಪ್ಪನ ಕೈ ತಾಗುವ ಮೊದಲೇ ಮೂರೂ ಮಂಕಾಗಿ ಆರಿಹೋದವು. "ಪೂಜೆ ದಿನ ದೀಪ ಹೋಯ್ತಲ್ಲೇ" ಎಂದವರು ಊಟದೆಲೆಯ ಮುಂದೆ ಕೂತಾಗ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿಬಿಟ್ಟರು.

ಈ ಸಲ ಹಾಗಾಗಬಾರದೆಂದು ಹಬ್ಬದ ಹಿಂದಿನ ದಿನ ಎಲ್‌ಇಡಿ ಹಾಕಲು ಹೊರಟೆ. ಮೊದಲು ಬಿಳಿಯದನ್ನೇ ಹಾಕಿ ನೋಡಿದರೆ ಹಸಿರು ಗಾಜು ನೀಲಿ ನೀಲಿಯಾಗಿ ಕಂಡಿತು. ದುರ್ಗಿಗುಡಿಯ ಅಂಗಡಿಗೆ ಮತ್ತೆ ಓಡಿ, ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ತಂದು ಕೂರಿಸಿದೆ. ಬಾಲದ ಗಾಜಿನ ಸ್ಕ್ರೂ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಒಂದೇ ಹಳೆಯ ಬಲ್ಬು ತಾನೇ, ಬ್ಯಾಟರಿ ತಡೆದೀತು ಎಂದು ಅದನ್ನು ಹಾಗೇ ಬಿಟ್ಟೆ.

ಮಾರನೆಯ ದಿನ ರೆಕ್ಕೆಗಳು ಝಗಝಗಿಸಿದವು. ದೊಡ್ಡಪ್ಪ ಹಸಿರು ಗಾಜಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು.

"ಹತ್ತಿಲ್ವಲ್ಲೇ?"

"ಹತ್ತಿದೆ ದೊಡ್ಡಪ್ಪ, ಕಣ್ಣು ಕುಕ್ಕೋ ಹಾಗಿದೆ."

"ತಣ್ಣಗಿದೆಯಲ್ಲೇ ಮಾರಾಯ್ತಿ, ಫ್ರಿಜ್ಜಿನ ಬಾಗಿಲು ಮುಟ್ಟಿದ ಹಾಗೆ!"

"ಇದು ಬಿಸಿ ಆಗೋದೇ ಇಲ್ಲ ಸಾರ್. ಅದಕ್ಕೇ ಬ್ಯಾಟರಿ ಉಳಿಯೋದು," ಎಂದರು ಎಂಜಿನ್ ಕಲಿಸುವ ನನ್ನ ಸಹೋದ್ಯೋಗಿ.

"ಹೌದಾ? ಒಳ್ಳೇದೇ ಬಿಡು," ಎಂದರು ದೊಡ್ಡಪ್ಪ. ಆದರೆ ಗಾಜಿನಿಂದ ತೆಗೆದ ಕೈಯನ್ನು ಕಣ್ಣಿಗೆ ಒಯ್ಯಲಿಲ್ಲ, ಕೆಳಗೂ ಇಳಿಸಲಿಲ್ಲ. ಹಿಂದೆ ಸಾಲು ನಿಂತವರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ದೀಪ ಆರದಂತೆ ನೋಡಿಕೊಂಡ ನಾನು ಆರತಿಯನ್ನೇ ಕಿತ್ತುಕೊಂಡಿದ್ದೆ.

ಆಗ ನೆನಪಾಯಿತು, ಆ ತುಕ್ಕು ಸ್ಕ್ರೂ.

"ಬನ್ನಿ ದೊಡ್ಡಪ್ಪ," ಎಂದು ಅವರ ತೋಳು ಹಿಡಿದು ರೆಕ್ಕೆ ಬಳಸಿ ಹಿಂದಕ್ಕೆ ಕರೆದೊಯ್ದೆ. ಅವರ ಅಂಗೈಯನ್ನು ಬಾಲದ ಗಾಜಿನ ಮೇಲಿಟ್ಟೆ.

"ಹಾಂ," ಎಂದರು. ಎರಡು ಕೈಯಲ್ಲೂ ಬಿಸಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಏನ್ ಸಾರ್ ಇದು, ಮುಖ ಬಿಟ್ಟು ಬಾಲಕ್ಕೆ ಆರತಿನಾ?" ಎಂದರು ಸಹೋದ್ಯೋಗಿ.

ದೊಡ್ಡಪ್ಪ ಕಣ್ಣು ತೆರೆಯದೆಯೇ ಕೇಳಿದರು: "ಹಸು ಪೂಜೇಲಿ ಎಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ತೀಯೋ? ಕೊಂಬನ್ನಾ?"

ಶೆಡ್ಡೆಲ್ಲ ನಗು. ನಗುತ್ತಲೇ ಸಾಲು ಹಿಂದಕ್ಕೆ ಹೊರಳಿತು. ಸಹೋದ್ಯೋಗಿಯೇ ಮೊದಲು ಬಂದು ನಿಂತರು.

ಬಾಲಕ್ಕೆಂದು ತಂದ ಎಲ್‌ಇಡಿ ಇನ್ನೂ ಪೊಟ್ಟಣದಲ್ಲೇ ಇದೆ. ರೆಕ್ಕೆಯಿಂದ ತೆಗೆದ ಹಳೆಯ ಬಲ್ಬುಗಳನ್ನು ಹತ್ತಿಯಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ. ಸ್ಕ್ರೂವಿಗೆ ದಿನಾ ಒಂದಿಷ್ಟು ಎಣ್ಣೆ ಬಿಡುತ್ತಿದ್ದೇನೆ, ಬಾಲದ ಬಲ್ಬು ಸುಟ್ಟುಹೋದ ದಿನ ಇವುಗಳಲ್ಲೊಂದನ್ನು ಹಾಕಬೇಕಲ್ಲ.