ಟ್ಯಾಗು ಕೀಳದ ಕೋಟು

ಈ ಕೋಟಿಗೆ ಅಂಗಡಿಯವನು ಹೇಳಿದ್ದು ಎರಡು ಸಾವಿರದ ಇನ್ನೂರು, ನಾನು ಕೊಟ್ಟದ್ದು ಸಾವಿರದ ನಾನೂರು. ಅಷ್ಟಾದರೂ ಯಾಕೆ ಕೊಟ್ಟೆ ಅಂದರೆ, ಮಾರನೆ ದಿನ ಸಂಜೆಯೊಳಗೆ ಅಷ್ಟೂ ವಾಪಸ್ ಬರುತ್ತದೆಂಬ ಧೈರ್ಯ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ, "ಆಂಟೀ, ಕಾಲೇಜ್ ಇಂಟರ್‌ವ್ಯೂಗೆ ನಿಮ್ಮ ಕೋಟು ಕೊಡ್ತೀರಾ?" ಅಂತ ಬಂದಳು. ಬೀರು ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು, ಕಡೂರಿನ ಆ ದಿನ ನೆನಪಾಯಿತು.

ನಾನು ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರದವಳು. ಚೌಕಾಸಿ ಮಾಡದೆ ನಾನು ಜೀವಮಾನದಲ್ಲಿ ಕೊಂಡದ್ದು ಬಸ್ ಟಿಕೆಟ್ ಒಂದೇ. ಈಗ ಅದೂ ಹೆಂಗಸರಿಗೆ ಫ್ರೀ. ಶಿವನಿಯಲ್ಲಿರುವ ಅಣ್ಣನ ಮಗಳು ಚಂದನಾಗೆ ಕಡೂರಿನ ಕೃಷಿ ಡಿಪ್ಲೊಮಾ ಕಾಲೇಜೊಂದರಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಸೀಟು ಸಿಗದಿದ್ದರೆ ನನ್ನ ಮಂಡಿಯಲ್ಲಿ ತೂಕ ಬರೆಯುತ್ತ ಕೂರಲಿ ಎಂದು ಅಣ್ಣ ಆಗಲೇ ತೀರ್ಮಾನಿಸಿದ್ದ. ಸಂಬಳ ಕೇಳದ ಆಳು ಯಾರಿಗೆ ಬೇಡ ಹೇಳಿ? ಆದರೂ ಹುಡುಗಿಯ ಮುಖ ನೋಡಿ, ಸಂದರ್ಶನದ ಹಿಂದಿನ ದಿನ ತರೀಕೆರೆಗೆ ಕರಕೊಂಡು ಹೋಗಿ, ಅಂಗಡಿಯವನಿಗೆ ಸೀಟಿನ ಕಥೆ ಹೇಳಿ ರೇಟು ಇಳಿಸಿ ಕೋಟು ಕೊಡಿಸಿದೆ. ಟ್ಯಾಗು ಕಂಕುಳ ಹತ್ತಿರ ನೇತಾಡುತ್ತಿತ್ತು.

"ಕೀಳ್ಬೇಡ ಕಣೇ. ತೋಳು ಒತ್ತಿ ಹಿಡ್ಕೊಂಡಿರು. ಮುಗಿಸ್ಕೊಂಡು ಬಂದು, ಸೈಜ್ ಆಗ್ಲಿಲ್ಲ ಅಂತ ವಾಪಸ್ ಕೊಡಾಣ."

"ಹಂಗಾದ್ರೆ ಕೈ ಎತ್ತಂಗಿಲ್ವಾ ಅತ್ತೆ?"

"ಸೀಟು ಕೇಳೋಳು ಕೈ ಯಾಕೆ ಎತ್ತಬೇಕು? ಮುಗಿ, ಸಾಕು."

ಮಾರನೆ ದಿನ ಕಡೂರಿನ ಕಾಲೇಜಿನಲ್ಲಿ, ಮೇಜಿನ ಆಚೆ ಒಬ್ಬರು ಮೇಡಂ, ಒಬ್ಬರು ವಯಸ್ಸಾದ ಮೇಷ್ಟ್ರು. ಪೋಷಕರ ಕುರ್ಚಿಯಲ್ಲಿ ನಾನು. ಈರುಳ್ಳಿ ಕೀಳುವ ಹದ ಹೇಗೆ ಗೊತ್ತಾಗುತ್ತದೆ ಎಂದು ಮೇಷ್ಟ್ರು ಕೇಳಿದರು. ಹುಟ್ಟಿದಾಗಿನಿಂದ ಈರುಳ್ಳಿ ಹೊಲದಲ್ಲೇ ಆಡಿದ ಹುಡುಗಿ, ತೋಳು ಪಕ್ಕೆಗೆ ಒತ್ತಿಕೊಂಡು ಗೈಡಿನ ಒಂದೇ ಒಂದು ಸಾಲು ಒಪ್ಪಿಸಿದಳು. ಮೇಡಂ ಏನೋ ಗೀಚಿ ಕಾಗದವನ್ನು ಪಕ್ಕಕ್ಕಿಟ್ಟರು. ರೇಟು ಕುದುರದಾಗ ದಲ್ಲಾಳಿ ಮುಖ ತಿರುಗಿಸುವುದೂ ಹಾಗೆಯೇ. ವ್ಯಾಪಾರ ಕೈ ತಪ್ಪುತ್ತಿರುವುದು ನನಗೆ ತಿಳಿಯಿತು.

"ಕೈ ನೋಯ್ತಿದೆಯೇನಮ್ಮಾ?" ಎಂದರು ಮೇಷ್ಟ್ರು.

ಚಂದನಾ ನನ್ನ ಕಡೆ ನೋಡಿದಳು. ನಾನು ಫ್ಯಾನು ನೋಡಿದೆ.

"ಇಲ್ಲ ಸಾರ್. ಕೋಟು ವಾಪಸ್ ಕೊಡ್ಬೇಕು. ಒಳಗೆ ಟ್ಯಾಗ್ ಐತೆ."

"ಹಂಗಾದ್ರೆ ತೆಗೆದು ನಿಮ್ಮತ್ತೆ ಕೈಗೆ ಕೊಡು. ಅವರು ಜೋಪಾನ ಮಾಡ್ಲಿ."

ಕೋಟಿನೊಳಗೆ ಬಣ್ಣ ಮಾಸಿದ ಹಸಿರು ಚೂಡಿದಾರ್. ಹುಡುಗಿ ಮೊಣಕೈ ಮೇಜಿಗೆ ಊರಿ, ಮಣಿಕಟ್ಟನ್ನು ಮೆಲ್ಲಗೆ ಬಾಗಿಸಿ ತೋರಿಸಿದಳು. "ಸೊಪ್ಪು ಕತ್ತಿನ ಹತ್ರ ಮೆತ್ತಗಾಗಿ ಹಿಂಗೆ ತಾನೇ ಮಲಗುತ್ತೆ ಸಾರ್. ಅರ್ಧ ಹೊಲ ಮಲಗ್ಬೇಕು. ಒಂದು ಗಿಡ ನೋಡಿ ಕೀಳಂಗಿಲ್ಲ."

"ಮೋಡ ಕಟ್ಟಿದ್ರೆ?" ಮೇಡಂ ಕೇಳಿದರು.

"ಮಳೆ ಬಿದ್ರೆ ನಮ್ಮತ್ತೆ ಥರದೋರು ರೇಟು ಇಳಿಸ್ತಾರೆ ಅಂತ ಅಪ್ಪ ಹಸೀದೇ ಕೀಳಿಸ್ತಾರೆ ಮೇಡಂ. ಅದು ಕೊಳೆಯುತ್ತೆ."

ಮೇಷ್ಟ್ರು ನನ್ನ ಕಡೆ ನೋಡಿ ನಕ್ಕರು. ಮೇಡಂ ಕಾಗದವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಅಲ್ಲೇ ಸೀಟು ಆಯಿತು.

ನಾನು ನೇರ ತರೀಕೆರೆಗೆ ಹೋಗಿ, ಸೈಜ್ ಆಗಲಿಲ್ಲ ಅಂದೆ. ಅಂಗಡಿಯವನು ಟ್ಯಾಗು ನೋಡಿ ತಲೆಯಾಡಿಸಿದ, ಆಮೇಲೆ ಕಾಲರು ಮಗುಚಿದ. ಅಡಿಯಲ್ಲಿ ಅರಿಶಿನದ ಬೊಟ್ಟು. ಹಿಂದಿನ ರಾತ್ರಿ ಕೋಟು ಶಿವನಿಯಲ್ಲಿತ್ತಲ್ಲ, ಅತ್ತಿಗೆಯ ಕೆಲಸ. ಅರಿಶಿನ ಮುಟ್ಟಿಸದೆ ಹೊಸ ಬಟ್ಟೆ ಮೈಗೇರಿಸುವುದು ನಮ್ಮ ಕಡೆ ಉಂಟೇ? ವಾಪಸ್ ಕೊಡುವ ಉಪಾಯವನ್ನು ನಾನು ಅವಳೊಬ್ಬಳಿಗೆ ಹೇಳಿರಲಿಲ್ಲ.

"ಅರಿಶಿನ ಹಚ್ಚಿದ್ಮೇಲೆ ಬಟ್ಟೆ ಮನೇದು ಕಣಮ್ಮಾ. ಸೀಟು ಸಿಕ್ತಾ?"

"ಸಿಕ್ತು."

"ಮತ್ತೆ ಸೈಜ್ ಆಯ್ತಲ್ಲ."

ಇವತ್ತು ಪಕ್ಕದ ಮನೆಯ ಹುಡುಗಿಗೆ ಕೋಟು ಕೊಡಲಿಲ್ಲ. ಮೈಮೇಲಿರೋದನ್ನೇ ಒಗೆದು ಹಾಕ್ಕೊಂಡು ಹೋಗು ಅಂದೆ. ಜಿಪುಣಿ ಎಂದುಕೊಂಡು ಹೋಗಿರಬೇಕು. ನಿಮಗೂ ಅದೇ ಮಾತು. ಸಂದರ್ಶನಕ್ಕೆ ಹೊರಟವರಿಗೆ ಮೈಗೆ ಒಗ್ಗಿದ ಬಟ್ಟೆಯನ್ನೇ ಇಸ್ತ್ರಿ ಮಾಡಿ ಹಾಕಿಸಿ. ಹೊಸಿಲು ದಾಟುವ ಮುಂಚೆ ಎರಡೂ ಕೈ ತಲೆಯ ಮೇಲಕ್ಕೆ ಎತ್ತಿಸಿ ನೋಡಿ. ಎಲ್ಲೂ ಬಿಗಿಯದಿದ್ದರೆ ಕಳಿಸಿ. ಹೊಸದೇ ಬೇಕೆಂದು ಹಟ ಹಿಡಿದರೆ ಅಂಗಡಿಯಿಂದ ಬಂದ ತಕ್ಷಣ ನೀವೇ ಅರಿಶಿನ ಹಚ್ಚಿಬಿಡಿ. ವಾಪಸ್ ಕೊಡುವ ಆಸೆ ಅಲ್ಲಿಗೇ ತೀರುತ್ತದೆ, ಮಕ್ಕಳ ಕೈಯೂ ಸಡಿಲವಾಗುತ್ತದೆ.