ವಾಲಿದ ಅಕ್ಷರದಲ್ಲಿ ಜಯಶೀಲ

ಮೊನ್ನೆ ತಂದ ಸೋಪಿನ ಡಬ್ಬಿಯನ್ನು ಬಿಸಾಡಲು ಮನಸ್ಸೇ ಬರಲಿಲ್ಲ. ಸೋಪು ಬಚ್ಚಲಲ್ಲಿದೆ, ಖಾಲಿ ಡಬ್ಬಿ ನನ್ನ ಮೇಜಿನ ಮೇಲಿದೆ. ಅದರ ಮೇಲಿನ ಇಂಗ್ಲಿಷ್ ಹೆಸರು ಬಲಕ್ಕೆ ವಾಲಿದ ಅಕ್ಷರಗಳಲ್ಲಿದೆ. ಮೇಲೇರುವಾಗ ಕೂದಲೆಳೆಯಷ್ಟು ತೆಳು, ಇಳಿಯುವಾಗ ಮೈತುಂಬಿಕೊಂಡ ಗೆರೆ, ತುದಿಯಲ್ಲಿ ಪುಟ್ಟ ಪಾದ. ಇಟಾಲಿಕ್ ಅಂತಾರೆ. ಕೆ.ಆರ್. ಪೇಟೆಯಲ್ಲಿ ಪ್ರೆಸ್ ಇಟ್ಟುಕೊಂಡವಳಿಗೆ ಇಂಥ ಚಟ ಇದ್ದದ್ದೇ. ನೀವು ನಗಬಹುದು.

ಆ ಅಕ್ಷರವನ್ನು ಹದವಾಗಿ ಬಳಸಬೇಕು. ಒಂದು ಹೆಸರಿಗೆ ಹಾಕಿದರೆ ಕಳೆ, ಪುಟ ಪೂರ್ತಿ ಹಾಕಿದರೆ ಕಣ್ಣು ಸೋಲುತ್ತದೆ. ಹೊಸದರಲ್ಲಿ ನಾನು ಅದರ ಹುಚ್ಚು ಹತ್ತಿ ಕಂಪ್ಯೂಟರಿನಲ್ಲಿ ಕನ್ನಡವನ್ನೂ ವಾಲಿಸಿದ್ದೆ. "ಏನೇ ಇದು, ಅಕ್ಷರ ಎಲ್ಲಾ ಕುಡ್ದು ಬಂದಂಗವೆ" ಅಂದಿದ್ದರು ನಮ್ಮನೆಯವರು, ಮೆಷಿನ್ ನಿಲ್ಲಿಸಿ.

ಆ ದಿನಗಳಲ್ಲೇ ಸಿಂಧಘಟ್ಟದಿಂದ ಅಣ್ಣ ತಂಗಿ ಇಬ್ಬರು, ತಂಗಿಯ ಮದುವೆಗೆ ಕಾರ್ಡು ಮಾಡಿಸಲು ಬಂದರು. ತಂಗಿಯ ಹೆಸರು ಜಯಶೀಲ. ಮೊದಲ ಗಂಡ ತೀರಿಕೊಂಡು ಕೆಲವು ವರ್ಷ ಕಳೆದಿತ್ತು. ಬಿಂಡಿಗನವಿಲೆಯವರೊಬ್ಬರು ಕೇಳಿದ್ದರು, ಇವಳು ಒಪ್ಪಿದ್ದಳು.

"ಸಾದಾ ಅಕ್ಷರದಲ್ಲಿ ಸಣ್ಣುಕೆ ಆಕ್ಬುಡಿ ಮೇಡಂ. ಎರಡ್ನೇ ಮದ್ವೆ, ಊರ್ಗೆಲ್ಲ ಸಾರದೇನದೆ?" ಅಂದ ಅಣ್ಣ.

ಜಯಶೀಲ ಮಾದರಿ ಕಾರ್ಡುಗಳನ್ನು ಮಗುಚುತ್ತಿದ್ದಳು. ಇಂಗ್ಲಿಷ್ ಹೆಸರನ್ನು ವಾಲಿಸಿದ್ದ ಒಂದರ ಮೇಲೆ ಬೆರಳು ನಿಂತಿತು. "ನನ್ನೆಸ್ರು ಇಂಗಿರ್ಲಿ."

"ಅವು ಬಿದ್ದೋಗಂಗವೆ ಕಣವ್ವ. ಶುಭಕಾರ್ಯಕ್ಕೆ ಅದ್ಯಾಕೆ?"

"ಬೀಳ್ತಿಲ್ಲ ಕಣಣ್ಣ, ಮುಂದುಕ್ಕೆ ಒಂಟವೆ. ಮೊದಲ್ನೇ ಮದ್ವೇಲಿ ನನ್ನ ಯಾರೂ ಕೇಳ್ಲಿಲ್ಲ. ಇದು ನಾನು ಒಪ್ಕಂಡಿರೋದು. ಕದ್ದುಮುಚ್ಚಿ ಆಗಾಕಿಲ್ಲ."

ಅಣ್ಣ ಎದ್ದು ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತ. ನಾನು ಅವಳ ಹೆಸರನ್ನು ಇಂಗ್ಲಿಷಿನಲ್ಲಿ ವಾಲಿಸಿ ಜೋಡಿಸಿದೆ. ಮೊದಲ ಅಕ್ಷರ 'ಜೆ'ಯ ಬಾಲ ಗೆರೆಯ ಕೆಳಗಿಳಿದು ಸೊಗಸಾಗಿ ಬಳುಕಿತು. ಅಚ್ಚಾದ ಹಾಳೆಯನ್ನು ಅವಳು ಎಷ್ಟೋ ಹೊತ್ತು ಹಿಡಿದುಕೊಂಡಿದ್ದಳು. ಒಳಗೆ ಬಂದ ಅಣ್ಣ ತಂಗಿಯ ಮುಖ ನೋಡಿದ, ಆಮೇಲೆ ಹಾಳೆ ನೋಡಿದ. "ಮಾಡ್ಬುಡಿ ಮೇಡಂ" ಅಂದ. ಅಷ್ಟೇ.

ಮದುವೆ ಹತ್ತಿರ ಬಂದಾಗ ಅವನೊಬ್ಬನೇ ಮತ್ತೆ ಬಂದ. ಏನೋ ತಕರಾರು ಇರಬೇಕು ಅಂದುಕೊಂಡೆ.

"ಇನ್ನೊಂದಷ್ಟು ಕಾರ್ಡು ಬೇಕಿತ್ತು" ಅಂದ, ಸಂಕೋಚದಿಂದ. "ನೆಂಟರ ನಾಕು ಮನೆಗೆ ಕೊಟ್ಟೆ. ನಮ್ ಜಯಂಗೆ ಒಳ್ಳೇದಾಯ್ತು ಬುಡು ಅಂತ ಕಣ್ಗೊತ್ಕಂಡ್ರು. ಈಗ ಕೊಡ್ದಿರೋರು ಬೇಜಾರು ಮಾಡ್ಕತಾವ್ರೆ."

ನಾವೂ ಮದುವೆಗೆ ಹೋಗಿದ್ದೆವು. ಛತ್ರದ ಬಾಗಿಲಲ್ಲಿ ಅವನ "ಬನ್ನಿ, ಬನ್ನಿ" ಓಲಗದವರಿಗಿಂತ ಜೋರಾಗಿತ್ತು.

ಈಗ ನಮ್ಮನೆಯವರಿಲ್ಲ. ಪ್ರೆಸ್ಸನ್ನು ನಾನೇ ನಡೆಸುತ್ತೇನೆ. ಊರಿಗೆಲ್ಲ ವಿಸಿಟಿಂಗ್ ಕಾರ್ಡು ಮಾಡಿಕೊಟ್ಟವಳಿಗೆ ತನ್ನದೊಂದು ಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಇವತ್ತು ಬೆಳಿಗ್ಗೆ ಕೂತು ಮಾಡಿದೆ, ಹೆಸರನ್ನು ವಾಲಿಸಿಯೇ.

ಮಧ್ಯಾಹ್ನ ಪಾಂಡವಪುರದ ಕಡೆಯವರೊಬ್ಬರು ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು. "ಯಜಮಾನ್ರು ಇಲ್ವಾ?"

ಇಂಕು ಆರಿತ್ತು. ಒಂದು ಕಾರ್ಡು ತೆಗೆದು ಅವರ ಕೈಗಿತ್ತೆ.

"ನಾನೇ. ಬನ್ನಿ ಒಳಕ್ಕೆ" ಅಂದೆ.