ವಿಸ್ಮಿತಾಳ ಸಾಕ್ಷಿ

ಸಿದ್ಧಕಟ್ಟೆಯ ವಿಸ್ಮಿತಾಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತು ಬಾರದು. ಶಾಲೆಗೆ ಹೋಗದ ಅವಳ ಕೈಸನ್ನೆ ತಾಯಿ ಪೂವಮ್ಮನಿಗೆ ಮಾತ್ರ ತಿಳಿಯುತ್ತಿತ್ತು. ನೆರೆಮನೆಯ ಶೇಷಪ್ಪನಿಗೆ ಲಾರಿ ಬಡಿದದ್ದನ್ನು ಕಂಡವಳು ಅವಳೊಬ್ಬಳೇ.

ಬಂಟ್ವಾಳದ ಕೋರ್ಟಿನಲ್ಲಿ ಮಗಳ ಸನ್ನೆಯ ಅರ್ಥ ಹೇಳಲು ಪೂವಮ್ಮ ನಿಂತಾಗ ಲಾರಿ ಡ್ರೈವರನ ವಕೀಲರು ತಕರಾರು ತೆಗೆದರು: “ತಾಯಿ ತನಗೆ ತೋಚಿದ್ದು ಹೇಳಿದರೆ ಗೊತ್ತಾಗುವುದು ಹೇಗೆ?”

“ಇಂಥ ಪ್ರಶ್ನೆ ನನಗೂ ಹೊಸತು,” ಎಂದ ನ್ಯಾಯಾಧೀಶರು ಪೂವಮ್ಮನನ್ನು ಹೊರಗೆ ಕಳಿಸಿದರು. ಒಳಗೆ ವಿಸ್ಮಿತಾಳ ಎದುರು ಜವಾನನಿಂದ ಒಂದು ಕೆಲಸ ಮಾಡಿಸಿದರು. ಮತ್ತೆ ಕರೆದಾಗ ಪೂವಮ್ಮ ಮಗಳ ಕೈ ನೋಡಿ, “ಈ ಜವಾನರು ಕನ್ನಡಕ ತೆಗೆದು ಕಿಸೆಗೆ ಹಾಕಿದ್ರಂತೆ ಸ್ವಾಮಿ,” ಎಂದಳು. ನಡೆದದ್ದೂ ಅದೇ.

“ಸರಿ, ಮಗಳ ಸಾಕ್ಷಿಯನ್ನು ನೀವೇ ಹೇಳಿ,” ಎಂದರು ನ್ಯಾಯಾಧೀಶರು.

ಪ್ರಮಾಣ ಮಾಡುವಾಗ ಪೂವಮ್ಮನಿಗೆ ಭಯವಾಯಿತು. ಒಂದು ಸನ್ನೆಯನ್ನು ತಪ್ಪಾಗಿ ತಿಳಿದರೂ ಡ್ರೈವರನ ಬಾಳು ಹಾಳಾಗಬಹುದು. ಪ್ರತಿಯೊಂದನ್ನೂ ಮಗಳಿಂದ ಮತ್ತೆ ಮಾಡಿಸಿ ನೋಡಿಯೇ ಹೇಳಿದಳು. ಕೋರ್ಟು ಆ ಸಾಕ್ಷಿಯನ್ನು ಒಪ್ಪಿತು.